ತುಂಗಮ್ಮನ ಮಿಡಿಯ ಚಿತ್ರ

ಸಾಗರದಿಂದ ಹೊಸನಗರದ ಕಡೆಗೆ ಹೊರಟ ಬಸ್ಸಿನಲ್ಲಿ ಕಿಟಕಿಗೆ ಒರಗಿ ಕುಳಿತ ಬ್ರಾಹ್ಮಿ, ಇನ್ನು ನೋಡಬಾರದು ಎಂದು ಮೂರು ಸಲ ನಿಶ್ಚಯ ಮಾಡಿ ನಾಲ್ಕನೆಯ ಸಲ ಮೊಬೈಲು ತೆರೆದಳು. ದೊಡ್ಡಮ್ಮನ ಅಪ್ಪೆಮಿಡಿ ನರ್ಸರಿಗೆಂದು ತಾನೇ ಕಲಿತು, ತಾನೇ ಕೂತು ಮಾಡಿದ ವೆಬ್‌ಸೈಟು. ಬೆರಳು ಬಾಯಿಪಾಠವಾದ ದಾರಿಯಲ್ಲಿ ನಡೆದಂತೆ ಕೆಳಗೆ ಸರಿದು ಆರನೆಯ ಸಾಲಿನ ಬಲಗಡೆಯ ಚೌಕದ ಮೇಲೆ ನಿಂತಿತು. ಒಂದು ಗೊಂಚಲು ಎಳೆಯ ಮಾವಿನ ಮಿಡಿ; ಉದ್ದಕ್ಕಿವೆ, ತುದಿ ಕೊಂಚ ಬಾಗಿದೆ, ಮೈಮೇಲೆ ನೀರಿನ ಹನಿ. ಕೆಳಗೆ, ಅರ್ಧ ದಿನ ಹುಡುಕಿ ಆರಿಸಿದ ದುಂಡನೆಯ ಅಕ್ಷರಗಳಲ್ಲಿ 'ತುಂಗಮ್ಮನ ಮಿಡಿ' ಎಂದಿದೆ. ತುಂಗಮ್ಮನ ಮರದ ಮಿಡಿಯನ್ನು ಬ್ರಾಹ್ಮಿ ಕಣ್ಣಲ್ಲಿ ಕಂಡೇ ಇಲ್ಲ. ಈ ಗೊಂಚಲು ವರದಹಳ್ಳಿ ದಾರಿಯ ಮರದ್ದು. ಎರಡನೆಯ ಸಾಲಿನಲ್ಲಿ ಅದು ತನ್ನ ಸ್ವಂತ ಹೆಸರಿನ ಮೇಲೆ ಬಲಕ್ಕೆ ಮುಖ ಮಾಡಿ ತೂಗುತ್ತಿದೆ, ಇಲ್ಲಿ ಎಡಕ್ಕೆ. ಕನ್ನಡಿಯಲ್ಲಿ ನೋಡಿದ ಹಾಗೆ ಎಡಬಲ ಮಾಡಿ, ಅಂಚು ಕತ್ತರಿಸಿ, ಬಣ್ಣ ಒಂದಿಷ್ಟು ತಿಳಿಯಾಗಿಸಿ ಹಾಕಿದವಳು ಅವಳೇ. ಹಾಕಿದ ದಿನ ಮಧ್ಯಾಹ್ನ ಅಮ್ಮ ಕಾಫಿ ತಂದಿಟ್ಟು ಹೋಗಿದ್ದಳು. ಕಾಫಿ ತಣಿಯುವ ಮೊದಲೇ ಕೆಲಸ ಮುಗಿದಿತ್ತು. ತಪ್ಪು ಮಾಡುವುದಕ್ಕೆ ಇಷ್ಟು ಕಡಿಮೆ ಹೊತ್ತು ಸಾಕು ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ.

ಅದಕ್ಕೆ ಮೊದಲು ಆ ಜಾಗದಲ್ಲಿ ಒಂದು ಬೂದು ಚೌಕವಿತ್ತು. ದೊಡ್ಡಮ್ಮ ಕಸಿ ಕಟ್ಟುವ ಇಪ್ಪತ್ತೆರಡು ಮರಗಳಲ್ಲಿ ಇಪ್ಪತ್ತೊಂದರ ಚಿತ್ರ ಸಿಕ್ಕಿತ್ತು. ನರ್ಸರಿಯ ತಿಮ್ಮಣ್ಣ ಮಾರ್ಚಿನಲ್ಲಿ ಮರ ಹತ್ತಿದಾಗಲೆಲ್ಲ ತೆಗೆದು ಕಳಿಸಿದ್ದು. ತುಂಗಮ್ಮನ ಮರ ಮಾತ್ರ ಈ ವರ್ಷ ಮಿಡಿ ಬಿಟ್ಟಿರಲಿಲ್ಲ. ಅವಳು ವೆಬ್‌ಸೈಟಿಗೆ ಕೂತದ್ದು ಜುಲೈಯಲ್ಲಿ. ಅಷ್ಟೊತ್ತಿಗೆ ಊರೂರ ಮಿಡಿಗಳೆಲ್ಲ ಉಪ್ಪಿನಕಾಯಿ ಭರಣಿ ಸೇರಿಯಾಗಿತ್ತು. ಬೂದು ಚೌಕದ ನಡುವೆ ಒಂದು ಸಣ್ಣ ಗುಡ್ಡದ ಗುರುತು, ಅದರ ಮೇಲೆ ಒಂದು ಸೂರ್ಯ, ಕೆಳಗೆ 'ಚಿತ್ರ ಲಭ್ಯವಿಲ್ಲ'. ಸಾಲಾಗಿ ನಗುವ ಬಾಯಲ್ಲಿ ಒಂದು ಹಲ್ಲು ಬಿದ್ದಂತೆ ಅದು ದಿನವೂ ಅವಳನ್ನು ಕುಟುಕಿತು. ಗೆಳತಿ ಸೌಜನ್ಯಾ ಫೋನಿನಲ್ಲೇ ನೋಡಿ, "ಇದೊಂದು ಯಾಕೆ ಹೀಗೆ ಬಿಟ್ಟಿದೀಯ ಮಾರಾಯ್ತಿ, ಯಾವ್ದಾದ್ರೂ ಮಾವಿನಕಾಯಿ ಹಾಕು, ಯಾರು ಅಳತೆ ಮಾಡ್ತಾರೆ" ಎಂದಿದ್ದಳು. ಸೌಜನ್ಯಾ ಹೇಳಿದ್ದಕ್ಕೆ ಹಾಕಿದ್ದು ಎಂದು ಬ್ರಾಹ್ಮಿ ಎರಡು ದಿನ ನಂಬಲು ನೋಡಿದಳು. ನಂಬಿಕೆ ಕೂರಲಿಲ್ಲ. ಹಾಕು ಎಂದವರು ಯಾರೇ ಆಗಲಿ, ತಿರುಗಿಸಿ ಹಾಕು ಎಂದು ಯಾರೂ ಹೇಳಿರಲಿಲ್ಲ.

ನಿನ್ನೆ ಸಂಜೆ ದೊಡ್ಡಮ್ಮ ಜಿನಮ್ಮನ ಫೋನು ಬಂದಿತ್ತು. ಜಿನಮ್ಮ ಫೋನಿನಲ್ಲಿ ಯಾವಾಗಲೂ ತೋಟದ ಆಚೆ ನಿಂತವರನ್ನು ಕರೆಯುವ ಹಾಗೆ ಮಾತಾಡುವವರು. "ಬ್ರಾಹ್ಮಿ, ಕೇಳ್ತದಾ? ತೀರ್ಥಳ್ಳಿ ಕಡೆಯವ್ರು, ಅರಳಸುರಳಿ ಕೃಷ್ಣಪ್ರಸಾದ್ ಅಂತೆ. ನಿನ್ನ ವೆಬ್‌ಸೈಟ್ ನೋಡಿ ಫೋನ್ ಮಾಡಿದಾರೆ. ತುಂಗಮ್ಮಂದು ಮೂವತ್ತು ಗಿಡ ಬೇಕಂತೆ, ನಾಳೆ ಪಿಕಪ್ ತಗೊಂಡು ಬರ್ತಾರೆ. ನಿನ್ನ ಮೊದಲ ಗಿರಾಕಿ, ನೀನು ಇರ್ಬೇಕು." ಆಮೇಲೆ ಪಕ್ಕದಲ್ಲಿ ಯಾರಿಗೋ, "ನಮ್ಮ ತಂಗಿ ಮಗಳು ಮಾಡಿದ್ದು, ಒಬ್ಳೇ" ಎಂದದ್ದೂ ಕೇಳಿಸಿತು. ಆ 'ಒಬ್ಳೇ' ಎನ್ನುವ ಮಾತನ್ನು ಹೊದ್ದುಕೊಂಡು ಮಲಗಬಹುದಾಗಿತ್ತು, ಬೇರೆ ಯಾವ ಮರದ ಗಿಡಕ್ಕಾದರೂ ಅವರು ಕೇಳಿದ್ದರೆ.

ಬಸ್ಸು ಏರು ಹತ್ತುವಾಗ ಮುಂದಿನ ಸೀಟಿನ ಹೆಂಗಸಿನ ಚೀಲದಿಂದ ಎರಡು ತೆಂಗಿನಕಾಯಿ ಉರುಳಿ ಬಂದು ಬ್ರಾಹ್ಮಿಯ ಕಾಲಿಗೆ ತಾಗಿದವು. ಎತ್ತಿ ಕೊಡಬೇಕು, 'ತಗೊಳ್ಳಿ' ಎನ್ನಬೇಕು. ಎತ್ತಿದಳು, ಅನ್ನಲಾಗಲಿಲ್ಲ, ಸುಮ್ಮನೆ ಸೀಟಿನ ಸಂದಿನಿಂದ ಮುಂದೆ ಚಾಚಿದಳು. ಹೆಂಗಸು ತಿರುಗಿ ನೋಡುವವರೆಗೂ ಕೈ ಹಾಗೇ ಇತ್ತು. ಬಿ.ಎ. ಕೊನೆಯ ವರ್ಷ ಸೆಮಿನಾರಿನಲ್ಲಿ ಇಪ್ಪತ್ತು ಪುಟ ಬರೆದುಕೊಂಡು ಹೋಗಿ, ಎದ್ದು ನಿಂತು, ಮೊದಲ ವಾಕ್ಯದ ಮೊದಲ ಶಬ್ದವನ್ನೇ ಮೂರು ಸಲ ಹೇಳಿ ಕೂತಿದ್ದಳು. ಮೇಷ್ಟರು ಒಳ್ಳೆಯವರು, "ಬರವಣಿಗೆ ಕೊಟ್ಬಿಡಮ್ಮ, ಸಾಕು" ಎಂದರು. ಆ 'ಸಾಕು' ಈಗಲೂ ಬೆನ್ನ ಹಿಂದೆ ಬರುತ್ತದೆ. ವೆಬ್‌ಸೈಟಿನ ಮೇಲೆ ಅವಳಿಗೆ ಅಷ್ಟು ಪ್ರೀತಿ ಹುಟ್ಟಿದ್ದೇ ಅದಕ್ಕಿರಬೇಕು. ಅಲ್ಲಿ ಅವಳು ಮಾತಾಡುವಾಗ ಯಾರೂ ಅಡ್ಡ ಬರುತ್ತಿರಲಿಲ್ಲ. ಬರೆದು, ಅಳಿಸಿ, ಮತ್ತೆ ಬರೆದು, ಬೇಕಾದಾಗ ಗುಂಡಿ ಒತ್ತಿದರೆ ಆಯಿತು. ಮೊದಲ ಸಲ ಪುಟ ಲೋಕಕ್ಕೆ ತೆರೆದುಕೊಂಡ ದಿನ ಅವಳು ಅಮ್ಮನ ಫೋನಿನಲ್ಲಿ, ಆಮೇಲೆ ಅಪ್ಪನ ಫೋನಿನಲ್ಲಿ, ಆಮೇಲೆ ಓಣಿಯ ತುದಿಗೆ ಹೋಗಿ ನಿಂತು ತನ್ನ ಫೋನಿನಲ್ಲಿ ತೆರೆದು ನೋಡಿದ್ದಳು. ಎಲ್ಲಿ ತೆರೆದರೂ ಅದೇ ಹಸಿರು ಪಟ್ಟಿ, ಅದೇ 'ಜಿನಮ್ಮನವರ ಅಪ್ಪೆಮಿಡಿ ಕಸಿ ಗಿಡಗಳು'. ತಾನು ಇಲ್ಲದ ಕಡೆಯೂ ತನ್ನ ಬರಹ ನಿಂತಿದೆ ಎನ್ನುವುದು ಎದೆಯನ್ನು ತುಂಬಿತ್ತು.

ಆದರೆ ಅದನ್ನು ಬರೆಯುವಾಗ ಅವಳು ಏನೇನು ಬಿಟ್ಟಳು ಎನ್ನುವುದು ಈಗ, ಬಸ್ಸು ತಿರುವಿನಲ್ಲಿ ವಾಲುವಾಗ, ಒಂದೊಂದಾಗಿ ನೆನಪಿಗೆ ಬಂತು. ದೊಡ್ಡಮ್ಮ ಗಿಡ ಮಾರುವ ಕ್ರಮವೇ ಬೇರೆ. ಯಾರೇ ಬರಲಿ, ಯಾವ ಗಿಡ ಕೇಳಲಿ, ಅವರು ಮೊದಲು ಆ ಮರದ ದೋಷ ಹೇಳುತ್ತಾರೆ. 'ಇದರ ಸೊನೆ ಕೈ ಸುಡ್ತದೆ, ಮಕ್ಕಳನ್ನ ಹತ್ರ ಬಿಡ್ಬೇಡಿ.' 'ಇದು ಪರಿಮಳ ಇದೆ, ಆದ್ರೆ ಎರಡನೇ ವರ್ಷಕ್ಕೆ ಭರಣೀಲಿ ಮೆತ್ತಗಾಗ್ತದೆ.' 'ಇದು ಮನೆ ಹತ್ರ ನೆಡ್ಬೇಡಿ, ಮಂಗ ಬಿಡಲ್ಲ.' ದೋಷ ಕೇಳಿ ಹಿಂದೆ ಸರಿದವರಿಗೆ ಒತ್ತಾಯವಿಲ್ಲ. ಒಂದು ಲೋಟ ಮಜ್ಜಿಗೆ ಕುಡಿಸಿ ಕಳಿಸುತ್ತಾರೆ. ನಿಂತವರಿಗೆ ಮಾತ್ರ ಆಮೇಲೆ ಗುಣ. ಬಾಲ್ಯದಿಂದ ರಜೆಯಲ್ಲಿ ಅಲ್ಲಿಗೆ ಹೋಗುತ್ತಿದ್ದ ಬ್ರಾಹ್ಮಿಗೆ ಇದು ಬಹಳ ದಿನ ತಮಾಷೆಯಾಗಿ ಕಂಡಿತ್ತು. ಒಮ್ಮೆ ಶಿವಮೊಗ್ಗದ ಕಾರಿನವರೊಬ್ಬರು, "ಏನಮ್ಮ, ನಿಮ್ಮ ಗಿಡನ ನೀವೇ ಬಯ್ತೀರಲ್ಲ" ಎಂದಾಗ ದೊಡ್ಡಮ್ಮ ಚಾಕು ಒರೆಸಿಕೊಳ್ಳುತ್ತ, "ನಾಲ್ಕು ವರ್ಷ ಆದ್ಮೇಲೆ ನೀವು ಬಯ್ಯೋದಕ್ಕಿಂತ ನಾನೇ ಇವತ್ತು ಬೈದ್ರೆ ಕಡಿಮೇಲಿ ಹೋಗ್ತದೆ" ಎಂದಿದ್ದರು. ಕಸಿ ಗಿಡ ಮೊದಲ ಮಿಡಿ ಬಿಡಲು ನಾಲ್ಕು ವರ್ಷ. ಅಲ್ಲಿಯವರೆಗೆ ಗಿಡ ಕೊಂಡವನಿಗೆ ಸಿಕ್ಕಿರುವುದು ಒಂದು ಕಡ್ಡಿ, ನಾಲ್ಕು ಎಲೆ, ಜಿನಮ್ಮನ ಮಾತು. ವೆಬ್‌ಸೈಟಿನಲ್ಲಿ ಬ್ರಾಹ್ಮಿ ದೋಷಗಳನ್ನು ಪೂರ್ತಿ ಬಿಟ್ಟಿದ್ದಳು. ಬೇರೆ ಯಾರ ವೆಬ್‌ಸೈಟಿನಲ್ಲೂ ಯಾರೂ ಹಾಗೆ ಬರೆದುಕೊಂಡಿರಲಿಲ್ಲ.

ನರ್ಸರಿಯ ಮುಂದೆ ಇಳಿದಾಗ ಮಳೆ ಎರಡು ದಿನದಿಂದ ಬಿಡುವು ಕೊಟ್ಟಿತ್ತು. ಹಸಿರು ನೆರಳುಬಲೆಯ ಕೆಳಗೆ ದೊಡ್ಡಮ್ಮ ಮೋಟು ಮಣೆಯ ಮೇಲೆ ಕೂತು ಕಸಿ ಕಟ್ಟುತ್ತಿದ್ದರು. ಎದುರಿಗೆ ತಿಮ್ಮಣ್ಣ, ನೀರಿನಲ್ಲಿ ನೆನೆಸಿದ ಪ್ಲಾಸ್ಟಿಕ್ ಪಟ್ಟಿಗಳನ್ನು ಒಂದೊಂದಾಗಿ ಕೈಗೆ ಕೊಡುತ್ತಿದ್ದ. ಮುಖ ಎತ್ತದೆ ದೊಡ್ಡಮ್ಮ, "ಬಂದ್ಯಾ? ತಿಂಡಿ ಆಯ್ತಾ?" ಎಂದರು. ತಿಮ್ಮಣ್ಣ, "ಇಂಟರ್ನೆಟ್ಟಮ್ಮ ಬಂದ್ರು" ಎಂದು ಜಾಗ ಬಿಟ್ಟುಕೊಟ್ಟ. ಅವಳು ಕೂತು ನೋಡಿದಳು. ಎಷ್ಟು ಸಲ ನೋಡಿದರೂ ಮುಗಿಯದ ಕೆಲಸ ಅದು. ಕಾಡಿನ ಕಾಟು ಮಾವಿನ ಸಸಿಯ ತಲೆ ಕತ್ತರಿಸಿ, ನೆತ್ತಿಯನ್ನು ನಡುವೆ ಸೀಳಿ, ದೂರದ ಯಾವುದೋ ಮರದಿಂದ ತಂದ ಕಡ್ಡಿಯ ಬುಡವನ್ನು ಎರಡೇ ಏಟಿಗೆ ಮೊನೆ ಮಾಡಿ ಆ ಸೀಳಿನಲ್ಲಿ ಇಳಿಸಿ, ಪಟ್ಟಿ ಸುತ್ತಿ, ಮೇಲೊಂದು ಐಸ್ ಕ್ಯಾಂಡಿ ಕವರು ತೊಡಿಸಿದರೆ ಆಯಿತು. ಅರವತ್ತೆರಡರ ಕೈ, ಹೆಬ್ಬೆರಳಿನ ಉಗುರು ಸೊನೆಯಿಂದ ಕಪ್ಪಾಗಿ ಹೋಗಿದೆ, ಆದರೆ ಸೀಳು ಮತ್ತು ಮೊನೆ ಸೇರುವ ಜಾಗದಲ್ಲಿ ಕೂದಲು ತೂರದು. ಕಡ್ಡಿಯನ್ನು ಇಳಿಸುವ ಮುನ್ನ ಅವರು ಅದರ ಬುಡವನ್ನು ಮೂಗಿನ ಹತ್ತಿರ ತಂದು ಒಮ್ಮೆ ಮೂಸುತ್ತಾರೆ. ಕಟ್ಟು ತಪ್ಪಿ ಬೇರೆ ಮರದ ಕಡ್ಡಿ ಸೇರಿದ್ದರೆ ಅಲ್ಲೇ ಗೊತ್ತಾಗಬೇಕು. ನೂರು ಕಡ್ಡಿಯಾದರೂ ನೂರು ಸಲ ಮೂಸುತ್ತಾರೆ. ಇದನ್ನು ಪುಟದಲ್ಲಿ ಹೇಗೆ ಹಾಕುವುದು ಎಂದು ಅವಳು ಒಂದು ವಾರ ಯೋಚಿಸಿ ಕೈಬಿಟ್ಟಿದ್ದಳು.

ಈಗ ಹೇಳಬೇಕು. ದೊಡ್ಡಮ್ಮ, ಆ ಫೋಟೋ. ಇಷ್ಟೇ ಎರಡು ಮಾತು ಹೇಳಿದರೆ ಉಳಿದದ್ದನ್ನು ಅವರೇ ಎಳೆದುಕೊಳ್ಳುತ್ತಾರೆ. ಬಾಯಿ ತೆರೆದಳು. "ದೊಡ್ಡಮ್ಮ."

"ಹ್ಞಾಂ."

"ತುಂಗಮ್ಮನ ಮಿಡಿ ಹೇಗಿರ್ತದೆ?"

ಚಾಕು ನಿಲ್ಲಲಿಲ್ಲ. "ನೀನು ನೋಡಿಲ್ವಾ? ಹೌದು, ಹೋದ ವರ್ಷ ನಿಂಗೆ ಪರೀಕ್ಷೆ ಇತ್ತು. ಗುಂಡಗೆ. ನೆಲ್ಲಿಕಾಯಿ ಇದ್ದ ಹಾಗೆ. ನೋಡೋಕೆ ಏನೂ ಚೆಂದ ಇಲ್ಲ, ಮೈಯೆಲ್ಲ ಬೂದಿ ಬಡ್ಕೊಂಡಂಗೆ. ಹೊನ್ನೆಮರಡು ಹತ್ರ ಹಿನ್ನೀರಿನ ಮೇಲೆ ದಿಬ್ಬದಲ್ಲಿ ಇದೆ ಮರ. ಆ ತುಂಗಮ್ಮ ಇದ್ದಾಗ ಹೇಳೋರು, ನಮ್ಮ ಮಿಡಿ ನನ್ನ ಹಾಗೇ, ರೂಪ ಕೇಳ್ಬೇಡಿ, ಉಪ್ಪಲ್ಲಿ ಹತ್ತು ವರ್ಷ ಹಾಕಿಡಿ, ಕಚ್ಚಿದಾಗ ಕಟುಂ ಅನ್ನದೆ ಬಿಟ್ರೆ ಕೇಳಿ ಅಂತ."

ತಿಮ್ಮಣ್ಣ ನಕ್ಕ. ದೊಡ್ಡಮ್ಮನೂ ನಕ್ಕರು. ಗುಂಡಗೆ. ಬ್ರಾಹ್ಮಿ ಆ ಮಾತನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿಕೊಂಡಳು. ಈವರೆಗೆ ಅವಳು ಮಾಡಿದ್ದು ಬರಿಯ ಅಲಂಕಾರ ಎಂದುಕೊಳ್ಳಲು ಒಂದು ಸಂದು ಉಳಿದಿತ್ತು. ಎಲ್ಲ ಮಿಡಿಯೂ ಹೆಚ್ಚು ಕಡಿಮೆ ಹಾಗೇ ಇರುತ್ತದಲ್ಲ ಎಂದು. ಈಗ ಆ ಸಂದು ಮುಚ್ಚಿತು. ಅರಳಸುರಳಿಯ ಆ ಮನುಷ್ಯ ಉದ್ದ ಮಿಡಿ ಎಂದು ನಂಬಿ ಗುಂಡು ಮಿಡಿಯ ಗಿಡ ಒಯ್ಯುತ್ತಾನೆ. ನೆಡುತ್ತಾನೆ. ಬೇಸಿಗೆಯಲ್ಲಿ ನೀರು ಹೊರುತ್ತಾನೆ. ನಾಲ್ಕು ವರ್ಷ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಈ ಕೊನೆಯ ಮಾತು ಒಂದು ತಂಪಾದ ಕೈಯಂತೆ ಹಣೆಯ ಮೇಲೆ ಬಂದು ಕೂತಿತು. ನಾಲ್ಕು ವರ್ಷಕ್ಕೆ ತಾನು ಎಲ್ಲಿರುತ್ತೇನೋ. ವೆಬ್‌ಸೈಟಿನ ಚಿತ್ರವನ್ನು ಇವತ್ತು ಸಂಜೆಯೇ ತೆಗೆದರಾಯಿತು. ಆಗ ನೋಡಿದ್ದು ಬೇರೆಯಿತ್ತು ಎಂದು ಅವನು ಹೇಳಿದರೂ ಸಾಕ್ಷಿಯೇ ಇರುವುದಿಲ್ಲ. ಎಷ್ಟು ಸಲೀಸಾಗಿ ತನ್ನ ಮನಸ್ಸು ಈ ದಾರಿ ಹಿಡಿಯಿತು ಎಂದು ಅವಳು ಬೆಚ್ಚಿದಳು. ಆದರೆ ದಾರಿಯಿಂದ ಇಳಿಯಲಿಲ್ಲ. ಐಸ್ ಕ್ಯಾಂಡಿ ಕವರುಗಳನ್ನು ಒಂದೊಂದಾಗಿ ಊದಿ ಬಿಡಿಸಿ ತಿಮ್ಮಣ್ಣನ ಪಕ್ಕ ಜೋಡಿಸುತ್ತ ಕೂತಳು.

ಪಿಕಪ್ಪು ಹನ್ನೊಂದೂವರೆಗೆ ಬಂತು. ಕೃಷ್ಣಪ್ರಸಾದ್ ನಲವತ್ತೈದರ ಆಸುಪಾಸಿನವರು. ಪಂಚೆ ಎತ್ತಿ ಕಟ್ಟಿ, ಹೆಗಲ ಮೇಲೆ ಟವಲು. ಇಳಿಯುತ್ತಲೇ ನೆರಳುಬಲೆಯ ಒಳಗೆಲ್ಲ ಕಣ್ಣಾಡಿಸಿ, "ಅಮ್ಮ, ಫೋನಲ್ಲಿ ನಿಮ್ಮ ಧ್ವನಿ ಕೇಳಿ ಆರಡಿ ಇದ್ದೀರಿ ಅಂದ್ಕೊಂಡಿದ್ದೆ" ಎಂದರು. ದೊಡ್ಡಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದು, "ಧ್ವನಿಗೆ ಹಾಕಿದ ಗೊಬ್ಬರ ಮೈಗೆ ಹತ್ಲಿಲ್ಲ" ಎಂದು ಬೆಂಚು ತೋರಿಸಿದರು. ಆಮೇಲೆ ಶುರುವಾಯಿತು ಅವರ ವಿಚಾರಣೆ. ಜಾಗ ಎಂಥದು, ಇಳಿಜಾರಾ? ಮಣ್ಣು ಕೆಂಪಾ? ಮೇಲಿನಿಂದ ನೀರು ಹರಿದು ಬರ್ತದಾ? ಈಗ ನೆಟ್ರೆ ಬೇಸಿಗೆಗೆ ನೀರು ಹೊರೋರು ಯಾರು, ನೀವಾ, ಆಳಾ? ಕೃಷ್ಣಪ್ರಸಾದ್ ಉತ್ತರ ಕೊಟ್ಟು ಕೊಟ್ಟು ಸುಸ್ತಾಗಿ, "ನಮ್ಮ ಮಾವನವ್ರು ಹೆಣ್ಣು ಕೊಡುವಾಗ್ಲೂ ಇಷ್ಟು ಕೇಳಿರ್ಲಿಲ್ಲ" ಎಂದರು.

"ಕೇಳ್ಬೇಕಿತ್ತು," ಎಂದರು ದೊಡ್ಡಮ್ಮ.

ಅವರು ನಗುತ್ತ ಬ್ರಾಹ್ಮಿಯ ಕಡೆ ತಿರುಗಿದರು. "ಇವ್ರೇನಾ ಆ ವೆಬ್‌ಸೈಟ್ ಮಾಡಿದೋರು? ತಂಗಿ, ಭಾಳ ಚೆನ್ನಾಗಿದೆ ನೋಡು. ನಮ್ಮನೆಯವಳು ರಾತ್ರಿ ಅಡುಗೆ ಬಿಟ್ಟು ಓದಿದಾಳೆ. ಇದೇ ಆಗ್ಬೇಕು ಅಂತ ಆ ತುಂಗಮ್ಮನ್ನ ಹಿಡ್ಕೊಂಡು ಕೂತಳು."

ಬ್ರಾಹ್ಮಿ ನೆಲ ನೋಡಿದಳು. ಹೊಗಳಿಕೆ ಇಷ್ಟು ಹತ್ತಿರ, ಇಷ್ಟು ಎದುರಾಬದುರು ಅವಳಿಗೆ ಯಾವತ್ತೂ ಬಂದಿರಲಿಲ್ಲ. ಬಂದದ್ದು ಇಂಥ ದಿನ. ಅತ್ತ ತಿಮ್ಮಣ್ಣ ಗಿಡಗಳನ್ನು ಎರಡೆರಡಾಗಿ ಎತ್ತಿ ಪಿಕಪ್ಪಿಗೆ ಇಡಲು ಶುರು ಮಾಡಿದ್ದ. ಕಪ್ಪು ಚೀಲದ ತಳ ತಗಡಿಗೆ ತಾಗುವ ಸದ್ದನ್ನು ಅವಳು ಎಣಿಸುತ್ತಿದ್ದಳು. ಎರಡು. ನಾಲ್ಕು. ಆರು. ದೊಡ್ಡಮ್ಮ ಒಂದು ಗಿಡವನ್ನು ಎತ್ತಿ ಬೆಂಚಿನ ಮೇಲೆ, ಇಬ್ಬರ ನಡುವೆ ಇಟ್ಟರು. ಕಸಿಯ ಗಂಟನ್ನು ಹೆಬ್ಬೆರಳಿನಿಂದ ಸವರಿದರು. ಮಾಮೂಲಿನಂತೆ ದೋಷ ಹೇಳುವ ಹೊತ್ತು ಅದು. ಆದರೆ ಅವರು ಬ್ರಾಹ್ಮಿಯ ಕಡೆ ತಿರುಗಿದರು. ಅವರ ಮುಖದ ಮೇಲೆ ಇದ್ದದ್ದು ಬರಿಯ ಹೆಮ್ಮೆ; ಅದನ್ನು ನೋಡಲಾಗದೆ ಬ್ರಾಹ್ಮಿ ಗಿಡದ ಎಲೆಯನ್ನು ನೋಡಿದಳು. "ನಲವತ್ತು ವರ್ಷ ನಾನೇ ಹೇಳಿ ಆಯ್ತು," ಎಂದರು ದೊಡ್ಡಮ್ಮ. "ನೀನು ಮಾಡಿದ್ದನ್ನ ನೋಡಿ ಬಂದೋರು ಇವ್ರು. ಇವತ್ತು ನೀನು ಹೇಳು. ಕ್ರಮ ಗೊತ್ತಲ್ಲ ನಿಂಗೆ, ದೋಷ ಮೊದ್ಲು."

ಮೂಗಿಗೆ ಸೆಮಿನಾರಿನ ಕೋಣೆಯ ಸೀಮೆಸುಣ್ಣದ ವಾಸನೆ ಬಂತು. ಎಂಟು. ಗಿಡ ವರ್ಷ ಬಿಟ್ಟು ವರ್ಷ ಮಿಡಿ ಬಿಡುತ್ತದೆ ಎಂದು ಹೇಳಬಹುದು. ಅದೂ ದೋಷವೇ, ಅದೂ ನಿಜವೇ. ಅಷ್ಟು ಹೇಳಿ ನಿಲ್ಲಿಸಿದರೆ ದೊಡ್ಡಮ್ಮ ತಲೆ ಆಡಿಸುತ್ತಾರೆ, ಪಿಕಪ್ಪು ಹೊರಡುತ್ತದೆ. ಹೇಳಲು ಹೊರಟಿದ್ದೂ ಅದನ್ನೇ. ಆದರೆ ಗಂಟಿನ ಮೇಲೆ ಇದ್ದ ಆ ಕಪ್ಪು ಹೆಬ್ಬೆರಳು, ಕಡ್ಡಿ ತಪ್ಪಬಾರದೆಂದು ನೂರಕ್ಕೆ ನೂರು ಸಲ ಮೂಸಿ ನೋಡಿದವರ ಹೆಬ್ಬೆರಳು, ಇನ್ನೂ ಅಲ್ಲೇ ಇತ್ತು.

"ಇದು... ಇದರ ಮಿಡಿ ಗುಂಡಗಿರ್ತದೆ," ಎಂದಳು.

ಕೃಷ್ಣಪ್ರಸಾದ್ ಕಿವಿ ಮುಂದೆ ಮಾಡಿದರು. "ಏನು?"

"ಗುಂಡಗೆ. ಉದ್ದ ಇಲ್ಲ."

"ಫೋಟೋದಲ್ಲಿ ಉದ್ದ ಇದೆಯಲ್ಲ ತಂಗಿ. ಉದ್ದ ಮಿಡಿ ಅಂತಲೇ ಅಲ್ವಾ ನಾನು ಬಂದಿದ್ದು. ಉಪ್ಪಿನಕಾಯಿ ಹಾಕೋರು ಗಾಜಿನ ಬಾಟ್ಲಿಗೆ ಉದ್ದದ್ದೇ ಕೇಳ್ತಾರೆ."

"ಆ ಫೋಟೋ ಇದರದ್ದಲ್ಲ. ವರದಹಳ್ಳಿ ದಾರಿ ಮರದ್ದು. ಈ ಮರ ಈ ವರ್ಷ ಬಿಟ್ಟಿರ್ಲಿಲ್ಲ, ನನ್ನ ಹತ್ರ ಫೋಟೋ ಇರ್ಲಿಲ್ಲ. ನಾನು ಅದನ್ನೇ ತಿರುಗಿಸಿ ಹಾಕಿದೆ." ಕೊನೆಯ ಮಾತು ಬೇಕಿರಲಿಲ್ಲ. ಯಾರೂ ಕೇಳಿರಲಿಲ್ಲ. ಬಾಯಿ ಒಮ್ಮೆ ತೆರೆದ ಮೇಲೆ ಅದೂ ಬಂತು. "ಯಾರಿಗೂ ಗೊತ್ತಾಗ್ಬಾರ್ದು ಅಂತ."

ತಿಮ್ಮಣ್ಣ ಎರಡು ಗಿಡ ಹಿಡಿದುಕೊಂಡು ಪಿಕಪ್ಪಿನ ಹತ್ತಿರ ಹಾಗೇ ನಿಂತ. ಕೃಷ್ಣಪ್ರಸಾದ್ ಟವಲು ತೆಗೆದು ಮುಖ ಒರೆಸಿಕೊಂಡು, ನಿಧಾನವಾಗಿ ನಗು ತಂದುಕೊಂಡರು. "ಗಿಡಕ್ಕೆ ಕಸಿ ಕಟ್ಟೋದು ನೋಡಿದ್ದೆ. ಫೋಟೋಗೆ ಕಟ್ಟೋದು ಇವತ್ತೇ ನೋಡಿದ್ದು." ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. "ಅಲ್ಲ ತಂಗಿ, ನಾಲ್ಕು ವರ್ಷ ನೀರು ಹೊತ್ತು ಕೊನೆಗೆ ಗುಂಡು ಬಿಟ್ಟಿದ್ರೆ ನಾನು ಯಾರನ್ನ ಕೇಳ್ಬೇಕಿತ್ತು?"

"ನನ್ನನ್ನ," ಎಂದರು ದೊಡ್ಡಮ್ಮ. ಅವರ ಧ್ವನಿ ಎಂದಿನದಲ್ಲ, ಹತ್ತಿರದವರಿಗಷ್ಟೇ ಕೇಳುವಂಥದು. "ನನ್ನ ಹೆಸರು ಹಾಕಿದ್ದು ಅದ್ರಲ್ಲಿ. ನನ್ನನ್ನೇ ಕೇಳ್ಬೇಕಿತ್ತು. ತಪ್ಪಾಯ್ತು. ತಿಮ್ಮಣ್ಣ, ಗಿಡ ಇಳ್ಸು." ಆಮೇಲೆ, ಯಾವ ಗಿರಾಕಿಗೂ ಹೇಳುವಂತೆ, ವರದಹಳ್ಳಿ ದಾರಿಯದ್ದು ಈ ವರ್ಷ ಆರೇ ಗಿಡ ಉಳಿದಿವೆ, ಬೇಕಿದ್ದರೆ ಮುಂದಿನ ವರ್ಷಕ್ಕೆ ಮೂವತ್ತು ಕಟ್ಟಿಕೊಡಬಹುದು, ಆದರೆ ಅದರ ದೋಷ ಕೇಳಿ, ಮೂರು ವರ್ಷದ ಮೇಲೆ ಉಪ್ಪಿನಲ್ಲಿ ನಿಲ್ಲುವುದಿಲ್ಲ ಎಂದು ವಿವರಿಸಿದರು. ಕೃಷ್ಣಪ್ರಸಾದ್ ತಲೆ ಆಡಿಸಿದರು. ಮನೇಲಿ ಕೇಳಿ ಫೋನ್ ಮಾಡ್ತೀನಿ ಎಂದರು. ಮಜ್ಜಿಗೆ ಕುಡಿದರು. ಪಿಕಪ್ಪು ಖಾಲಿ ತಗಡು ಬಡಿದುಕೊಂಡು ಹೋಯಿತು. ಆ ಸದ್ದು ತಿರುವು ದಾಟಿದ ಮೇಲೂ ಬಹಳ ಹೊತ್ತು ಕೇಳುತ್ತಲೇ ಇತ್ತು, ಅಥವಾ ಅವಳಿಗಷ್ಟೇ ಕೇಳುತ್ತಿತ್ತು.

ತಿಮ್ಮಣ್ಣ ಗಿಡಗಳನ್ನು ಅವುಗಳ ಸಾಲಿಗೆ ವಾಪಸು ಇಡುತ್ತ, "ಬ್ರಾಹ್ಮಿಯಮ್ಮ ಬಾಯಿ ಬಿಟ್ಟಿದ್ದು ನಾನು ನೋಡಿದ್ದು ಇವತ್ತೇ ಮೊದ್ಲು. ಬಿಟ್ಟಿದ್ದಕ್ಕೇ ಮೂವತ್ತು ಗಿಡದ ವ್ಯಾಪಾರ ಹೋಯ್ತು. ಇನ್ನೊಂದ್ಸಲ ಬಿಟ್ರೆ ನರ್ಸರೀನೆ ಮುಚ್ಚೋದು" ಎಂದ. ನಗಿಸಲು ಹೇಳಿದ್ದು. ದೊಡ್ಡಮ್ಮ ನಗಲಿಲ್ಲ. ಮಣೆಯ ಮೇಲೆ ಕೂತು ಚಾಕು ಎತ್ತಿಕೊಂಡರು. ಬ್ರಾಹ್ಮಿ ಎದುರು ಕೂತು ಪಟ್ಟಿ ಕೊಟ್ಟಳು. ಬೈಗುಳ ಬರುತ್ತದೆ ಎಂದು ಕಾದಳು, ಬರಲಿಲ್ಲ. ಊಟಕ್ಕೆ ಎದ್ದರು, ಉಂಡರು. ಮತ್ತೆ ಕೂತರು. ಸೀಳು, ಮೊನೆ, ಮೂಸುವುದು, ಇಳಿಸುವುದು. ಒಂದು ಕಡ್ಡಿಯನ್ನು ಮೂಸಿ ಬದಿಗಿಟ್ಟರು, ಅದು ಯಾವುದೋ ಬೇರೆ ಕಟ್ಟಿನದು. ಬ್ರಾಹ್ಮಿಗೆ ಅಳು ಬಂತು, ಬರದ ಹಾಗೆ ಮಾಡಿದಳು. ತನ್ನ ಮೂರು ಪಟ್ಟು ವಯಸ್ಸಿನ ಈ ಹೆಂಗಸಿನ ಎದುರು ಕೂತು, ಇವರಂತೆ ಒಂದು ಕೆಲಸವನ್ನಾದರೂ ಮಾಡಬೇಕು ಎಂದುಕೊಂಡು ಶುರು ಮಾಡಿದ್ದಲ್ಲವೇ ಅದು, ಆ ಹಸಿರು ಪಟ್ಟಿ, ಆ ಅಕ್ಷರ, ಆ ಚೌಕಗಳು. ಎಲ್ಲಿ ಕೈ ತಪ್ಪಿತು ಎಂದು ಕೇಳಿದರೆ ಜಾಗ ತೋರಿಸಬಲ್ಲಳು. ಯಾಕೆ ಎಂದು ಕೇಳಿದರೆ?

ಯಾಕೆ ಎಂದೇ ಅವರು ಕೇಳಿದರು, ಐದು ಗಂಟೆ ದಾಟಿದ ಮೇಲೆ, ಕೊನೆಯ ಸಸಿಗೆ ಕವರು ತೊಡಿಸಿ ಕೈ ತೊಳೆಯುವಾಗ. "ಅವ್ರ ಹತ್ರ ಹೇಳಿದ್ಯಲ್ಲ. ನನ್ನ ಹತ್ರ ಯಾಕೆ ಮೊದ್ಲೇ ಹೇಳ್ಲಿಲ್ಲ? ವೆಬ್‌ಸೈಟ್ ಆಗಿ ಮೂರು ವಾರ ಆಯ್ತು. ಎರಡು ಸಲ ಬಂದು ಹೋಗಿದೀಯ."

ನೀರು ಮಗ್ಗಿನಿಂದ ಅವರ ಕೈಗೆ ಹಾಕುತ್ತಿದ್ದ ಬ್ರಾಹ್ಮಿಗೆ ಹಲವು ಉತ್ತರಗಳು ಹೊಳೆದವು. ಹೆದರಿಕೆ ಆಯ್ತು ಎನ್ನಬಹುದು. ಮರೆತೆ ಎನ್ನಬಹುದು. "ನೀವು ನೋಡಲ್ಲ ಅಂತ ಗೊತ್ತಿತ್ತು," ಎಂದಳು.

ದೊಡ್ಡಮ್ಮ ಕೈ ತೊಳೆಯುವುದನ್ನು ನಿಲ್ಲಿಸಿದರು.

"ಎಲ್ರ ಹತ್ರನೂ ಹೇಳಿದ್ರಿ, ನಮ್ಮ ಹುಡುಗಿ ಮಾಡಿದ್ದು ಅಂತ. ತೆರೆದು ನೋಡ್ಲಿಲ್ಲ ಒಂದ್ಸಲನೂ." ಹೇಳಿದ ಮೇಲೆ ಅವಳಿಗೆ ತನ್ನ ಮಾತು ಕೇಳಿ ತನಗೇ ದಿಗಿಲಾಯಿತು. ದೂರು ಹೇಳಬೇಕೆಂದು ಹೊರಟಿರಲಿಲ್ಲ. ಇದು ತನ್ನೊಳಗೆ ಇತ್ತೆಂದೂ ತಿಳಿದಿರಲಿಲ್ಲ.

ದೊಡ್ಡಮ್ಮ ಸೆರಗಿನಿಂದ ಒಂದೊಂದೇ ಬೆರಳನ್ನು ಒರೆಸಿಕೊಂಡರು. ಒಳಗೆ ಹೋದರು. ಬ್ರಾಹ್ಮಿ ಮಗ್ಗು ಹಿಡಿದುಕೊಂಡೇ ನಿಂತಿದ್ದಳು. ಒಳಗಿನಿಂದ ಅನ್ನವಾದ ಕುಕ್ಕರಿನ ಕೊನೆಯ ಸೀಟಿ ಕೇಳಿತು, ತಟ್ಟೆ ಇಡುವ ಸದ್ದು ಕೇಳಿತು. ಅವರು ಹೊರಗೆ ಬಂದಾಗ ಮೂಗಿನ ಮೇಲೆ ಕನ್ನಡಕವಿತ್ತು, ಹತ್ತಿರದ್ದನ್ನು ಓದಲು ಇಟ್ಟುಕೊಳ್ಳುವಂಥದು. ಜಗಲಿಯ ಮೆಟ್ಟಿಲ ಮೇಲೆ ಕೂತು ಪಕ್ಕದ ಜಾಗವನ್ನು ಕೈಯಿಂದ ಒಮ್ಮೆ ಗುಡಿಸಿದರು. "ತಗೊಂಡ್ ಬಾ ಇಲ್ಲಿ. ಮೊದ್ಲಿಂದ ತೋರ್ಸು. ಓಡಿಸ್ಬೇಡ, ನಾನು ನಿಧಾನ ಓದೋಳು."

ಅವಳು ತೋರಿಸಿದಳು. ದೊಡ್ಡಮ್ಮ ಹಸಿರು ಪಟ್ಟಿಯನ್ನು ಓದಿದರು, ತಮ್ಮ ಹೆಸರನ್ನು ತುಟಿ ಆಡಿಸಿ ಓದಿದರು. ತಮ್ಮ ಬಗ್ಗೆ ಬರೆದ ಎರಡು ಪ್ಯಾರಾ ಓದಿ, "ಇಷ್ಟೆಲ್ಲ ನಾನು ಯಾವಾಗ ಮಾಡಿದೆ" ಎಂದರು; ಮತ್ತೆ ಮೇಲಕ್ಕೆ ಹೋಗಿ ಎರಡನೆಯ ಸಲ ಓದಿದರು. ಮೊದಲ ಮರಕ್ಕೆ ಬಂದಾಗ ಚಿತ್ರವನ್ನು ಬೆರಳಿನಿಂದ ಮುಟ್ಟಿದರು. ಅದು ಇದ್ದಕ್ಕಿದ್ದಂತೆ ಪರದೆ ತುಂಬ ದೊಡ್ಡದಾಯಿತು, ಅವರು ಕೈ ಹಿಂದೆಗೆದರು. "ಅಯ್ಯ, ತೊಟ್ಟಿನ ಸೊನೆನೂ ಕಾಣ್ತದಲ್ಲೇ." ಒಂದೊಂದು ಮರದ ಮುಂದೆಯೂ, ಎಷ್ಟೋ ದಿನದ ಮೇಲೆ ಮನೆಗೆ ಬಂದವರ ಮುಖ ನೋಡುವ ಹಾಗೆ ನಿಲ್ಲುತ್ತಿದ್ದರು. ಇದರ ದೋಷ ಬರ್ಕೋ, ಇದಕ್ಕೆ ಮಂಗ ಬರ್ತದೆ ಅಂತ ಹಾಕು. ಇದು ಎರಡು ದಿನ ತಡವಾಗಿ ಕೊಯ್ದಿದ್ದು, ತಿಮ್ಮಣ್ಣ ಮರ ಹತ್ತೋಕೆ ಸೋಮಾರಿತನ ಮಾಡಿದ್ದ. ಅಂಗಳದಲ್ಲಿ ಪೈಪು ಸುತ್ತುತ್ತಿದ್ದ ತಿಮ್ಮಣ್ಣ, "ಇಂಟರ್ನೆಟ್ಟಲ್ಲೂ ಬಯ್ತೀರಾ ನನ್ನ" ಎಂದ. ಬ್ರಾಹ್ಮಿ ಪುಸ್ತಕ ತೊಡೆಯ ಮೇಲಿಟ್ಟು ಬರೆದುಕೊಳ್ಳುತ್ತಿದ್ದಳು. ದೋಷ ಬರೆಯುತ್ತ ಹೋದಂತೆ ಮರಗಳು ಒಂದೊಂದಾಗಿ ಬೇರೆ ಬೇರೆಯಾಗತೊಡಗಿದವು. ಅವಳೇ ಬರೆದ ಹೊಗಳಿಕೆಯಲ್ಲಿ ಎಲ್ಲವೂ ಒಂದೇ ಮರವಾಗಿದ್ದವು. ಇದು ಅವಳಿಗೆ ಈಗ ಕಂಡಿತು, ಕಂಡು ನಾಚಿಕೆಯೂ ಆಯಿತು, ನಾಚಿಕೆಯ ಜೊತೆಗೆ ಏನೋ ಹಗುರವಾದದ್ದೂ ಬಂತು.

ಹನ್ನೆರಡನೆಯ ಚೌಕಕ್ಕೆ ಬಂದಾಗ ದೊಡ್ಡಮ್ಮ ಕನ್ನಡಕವನ್ನು ಸರಿಮಾಡಿಕೊಂಡರು. ಎಡಕ್ಕೆ ಮುಖ ಮಾಡಿ ತೂಗುವ ಆ ಗೊಂಚಲನ್ನು ಬಹಳ ಹೊತ್ತು ನೋಡಿದರು. "ಚೆಂದ ಇದೆ," ಎಂದರು. ಆಮೇಲೆ, "ತೆಗಿ."

ತೆಗೆದಳು. ಬೂದು ಚೌಕ ಬಂದು ಕೂತಿತು.

ಬಿಸಿಲು ನೆರಳುಬಲೆಯ ಮೇಲಿನಿಂದ ಇಳಿದು, ಮೆಟ್ಟಿಲಿನಿಂದ ಇಳಿದು, ಅಂಗಳದ ಆಚೆಯ ಅಂಚಿಗೆ ಹೋಗಿತ್ತು. ಜೈನರ ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಬಸ್ಸು ಕೆಟ್ಟು ತಡವಾದ ದಿನ, ಜ್ವರದಲ್ಲಿ ಮಲಗಿದ ದಿನ, ಮದುವೆಯ ಗಡಿಬಿಡಿಯ ದಿನ ಕೂಡ ದೊಡ್ಡಮ್ಮ ಹೊತ್ತು ನೋಡಿ ತಟ್ಟೆಗೆ ಕೂತವರು. ಹೊತ್ತಿಗೆ ಸರಿಯಾಗಿ ಉಣ್ಣದೆ ಅವರು ಒಂದು ದಿನವೂ ಮಲಗಿದ್ದನ್ನು ಬ್ರಾಹ್ಮಿ ಕೇಳಿರಲಿಲ್ಲ. ತಿಮ್ಮಣ್ಣ ಪೈಪನ್ನು ಮೊಳೆಗೆ ಸಿಕ್ಕಿಸಿ, ಪಡುವಣದ ಕಡೆ ಕೈ ಅಡ್ಡ ಹಿಡಿದು ನೋಡಿ, "ಅಮ್ಮಾ, ಹೊತ್ತು ಹೋಯ್ತು. ಇನ್ನೊಂದು ಐದು ನಿಮಿಷ ಇದ್ರೆ ಇರ್ಬಹುದು, ಎದ್ದು ಉಣ್ಣಿ" ಎಂದ. ಒಳಗೆ ಎರಡು ತಟ್ಟೆ ಹಾಕಿಟ್ಟಾಗಿತ್ತು. ಬ್ರಾಹ್ಮಿ ಮೊಬೈಲು ಮುಚ್ಚಲು ಹೋದಳು.

ದೊಡ್ಡಮ್ಮ ಅವಳ ಕೈಯನ್ನು ಹಿಡಿದರು. ಒಮ್ಮೆ ಪಡುವಣಕ್ಕೆ ನೋಡಿದರು, ಒಮ್ಮೆ ಪರದೆಯನ್ನು.

"ಇನ್ನು ಹತ್ತು ಮರ ಉಳ್ದಿದೆ," ಎಂದರು. "ನಿಂಗೆ ಹಸಿವಾದ್ರೆ ನೀನು ಹೋಗು."

"ಇಲ್ಲ," ಎಂದಳು ಬ್ರಾಹ್ಮಿ.

"ಹಾಗಾದ್ರೆ ಮುಂದಿಂದು ತೋರ್ಸು."